ಮಡಕೆ ಕೇಳಿಕೊಂಡು ಬಂದವಳು

ಚೀನಾದ ನಾನ್‌ಚೊಂಗ್‌ ಊರಿನ ರೇಷ್ಮೆ ಗಿರಣಿಯ ವಠಾರದಲ್ಲಿ ಎರವಲು ತಂದ ಕಷಾಯದ ಮಡಕೆಯನ್ನು ಯಾರೂ ಒಯ್ದು ಹಿಂದಿರುಗಿಸುವುದಿಲ್ಲ. ಹಾಗೆ ಮಾಡಿದರೆ ಕಾಯಿಲೆಯನ್ನೇ ಹೊತ್ತೊಯ್ದು ಅವರ ಬಾಗಿಲಲ್ಲಿ ಇಳಿಸಿದಂತೆ. ಬೇಕಾದವರೇ ಬಂದು ಕೇಳಿ ಒಯ್ಯಬೇಕು. ಹಾಗಾಗಿ ಕೆಳಮನೆಯ ಜಿಂಗ್‌ಶುವಿನ ಮಡಕೆ ಮೂರು ವರ್ಷದಿಂದ ಮೇಲ್ಮನೆಯ ರುಯಿಲಾನಳ ಒಲೆಯ ಪಕ್ಕದಲ್ಲೇ ಠಿಕಾಣಿ ಹೂಡಿತ್ತು.

ರುಯಿಲಾನ್ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವಳು. ಬೆಳಿಗ್ಗೆ ಆಸ್ಪತ್ರೆಯ ಮಾತ್ರೆ, ಸಂಜೆ ಬೇರಿನ ಕಷಾಯ. ಕಷಾಯದ ಚೀಟಿಯನ್ನು ಹೃದಯದ ಡಾಕ್ಟರಿಗೂ ಮಾತ್ರೆಗಳನ್ನು ಬೇರು ಕೊಡುವ ವೈದ್ಯರಿಗೂ ತೋರಿಸಿ, ಇಬ್ಬರ ಬಾಯಲ್ಲೂ ಹೂಂ ಅನ್ನಿಸಿಕೊಂಡೇ ಕುಡಿಯುತ್ತಿದ್ದಳು. ವಠಾರದ ಉಳಿದವರೆಲ್ಲ ಒಬ್ಬ ವೈದ್ಯರಿಗೆ ಗೊತ್ತಾಗದಂತೆ ಇನ್ನೊಬ್ಬರ ಔಷಧಿ ನುಂಗುವವರೇ. ಅದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಚಳಿಗಾಲದ ಒಂದು ಬೆಳಿಗ್ಗೆ ಜಿಂಗ್‌ಶು ಬಾಗಿಲಿಗೆ ಬಂದು ನಿಂತಳು. ನೆಗಡಿ ಕೂಡ ತನ್ನ ಹತ್ತಿರ ಸುಳಿಯುವುದಿಲ್ಲವೆಂದು ಕೊಚ್ಚಿಕೊಳ್ಳುವ ಹೆಂಗಸು ಅವಳು.

“ಅಕ್ಕಾ, ಮಡಕೆ ಬೇಕಿತ್ತು.”

“ಯಾರಿಗೆ?”

“ನಮ್ಮೆಜಮಾನ್ರಿಗೆ. ಕೆಮ್ಮು.”

“ಈಗ ತಾನೇ ಕೆಳಗಡೆ ಹಕ್ಕಿ ಪಂಜರ ಹಿಡ್ಕೊಂಡು ಗಂಟಲು ಹರಿಯೋ ಹಂಗೆ ಹಾಡ್ತಿದ್ರು. ಕೆಮ್ಮೋರು ಹಂಗೆ ಹಾಡ್ತಾರಾ?”

ಜಿಂಗ್‌ಶು ದವಡೆ ಒತ್ತಿಕೊಂಡಳು. “ಸರಿ ಬಿಡು, ನಂಗೇ. ಹಲ್ಲುನೋವು. ಭುಜಾನೂ ಸ್ವಲ್ಪ ಸೆಳೀತಿದೆ. ಬೇರು ತಂದಿಟ್ಟಿದೀನಿ, ಎರಡು ಹೊತ್ತು ಕುಡಿದ್ರೆ ಹೋಗತ್ತೆ. ಕೊಡಕ್ಕಾ.”

ಆ ಕೊರೆಯುವ ಚಳಿಯಲ್ಲೂ ಅವಳ ಹಣೆಯ ಮೇಲೆ ಬೆವರು ಒಡೆದಿತ್ತು. ರುಯಿಲಾನಳ ಹೃದಯಾಘಾತವೂ ಹೀಗೇ ದವಡೆನೋವಿನಿಂದ ಶುರುವಾಗಿತ್ತು. ಹಲ್ಲಿನ ಡಾಕ್ಟರ ಹತ್ತಿರ ಸರದಿಗೆ ಕಾದು ಕೂತು ಅರ್ಧ ಹೃದಯ ಹಾಳುಮಾಡಿಕೊಂಡಿದ್ದಳು. ಈಗ ಮಡಕೆ ಕೊಟ್ಟರೆ, ಇವಳು ಬೇರು ನೆನೆಸಿ, ಕುದಿಸಿ, ಸೋಸುವಷ್ಟರಲ್ಲಿ ಎಲ್ಲ ಮುಗಿದೇ ಹೋಗುತ್ತದೆ.

“ಕೂತ್ಕೋ. ಆಂಬುಲೆನ್ಸ್ ಕರೀತೀನಿ.”

“ಹಲ್ಲುನೋವಿಗೆ ಆಂಬುಲೆನ್ಸಾ? ವಠಾರ ಪೂರ್ತಿ ಬಿದ್ದು ಬಿದ್ದು ನಗತ್ತೆ. ನೀನು ಕುಡೀತಿಲ್ವಾ ಇದರಲ್ಲೇ?”

“ಕುಡೀತೀನಿ. ಜೀವ ಉಳಿದ ಮೇಲೆ ಕುಡಿಯೋದು ಅದು, ಹೋಗ್ತಿರುವಾಗ ಅಲ್ಲ.”

“ನನ್ನ ಮಡಕೆ ನಂಗೆ ಕೊಡೋಕೆ ನಿನ್ನ ಉಪದೇಶ ಬೇರೆ,” ಎಂದು ಜಿಂಗ್‌ಶು ಒಲೆಯ ಕಡೆ ಕೈ ಚಾಚಿದಳು.

ರುಯಿಲಾನ್ ಮಡಕೆಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಳು.

ಜಿಂಗ್‌ಶು ಚೂರುಗಳನ್ನು ನೋಡುತ್ತ ಕುರ್ಚಿಯ ಮೇಲೆ ಕುಸಿದಳು. “ನಮ್ಮತ್ತೆ ಮಡಕೆ ಅದು. ನಿಂಗೇನು ತಲೆ ಕೆಟ್ಟಿದೆಯಾ?”

“ಹೂಂ, ಕೆಟ್ಟಿದೆ. ಬೈಯೋದೆಲ್ಲ ನಾಳೆಗೆ ಇಟ್ಕೋ,” ಎನ್ನುತ್ತಲೇ ರುಯಿಲಾನ್ ಫೋನು ಎತ್ತಿಕೊಂಡಳು.

ಆಸ್ಪತ್ರೆಯಲ್ಲಿ ನೋಡಿದರೆ ಜಿಂಗ್‌ಶುವಿನ ಹೃದಯದ ಒಂದು ರಕ್ತನಾಳ ಪೂರ್ತಿ ಕಟ್ಟಿಕೊಂಡಿತ್ತು. ಬಂದ ಕೂಡಲೇ ಬಿಡಿಸಿ ಸ್ಟೆಂಟ್ ಹಾಕಿದರು.

ಮರುದಿನ ಡಾಕ್ಟರು ವಾರ್ಡಿಗೆ ಬಂದು, “ಮನೇಲಿ ಬೇರೆ ಔಷಧಿ ಏನಾದ್ರೂ ತಗೋತಿದ್ರಾ?” ಎಂದು ಕೇಳಿದರು. ಏನೂ ಇಲ್ಲವೆನ್ನಲು ಬಾಯಿ ತೆರೆದ ಜಿಂಗ್‌ಶು ಪಕ್ಕದಲ್ಲಿ ಕೂತ ರುಯಿಲಾನಳ ಮುಖ ನೋಡಿದಳು.

“ಒಂದು ತಿಂಗಳಿಂದ ಬೇರಿನ ಪುಡಿ ನುಂಗ್ತಿದೀನಿ ಡಾಕ್ಟ್ರೇ. ಎದೆ ಹಿಡ್ಕೊಂಡಾಗೆಲ್ಲ. ಮನೇಲಿ ಯಾರಿಗೂ ಹೇಳಿಲ್ಲ.”

ಡಾಕ್ಟರು ಬೈಯಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಅದು ಬೇಡ, ಸದ್ಯಕ್ಕೆ ನಿಲ್ಲಿಸಿ, ಪುಡಿಯ ಪೊಟ್ಟಣ ತಂದು ತೋರಿಸಿ ಎಂದು ಹೇಳಿ ಹೋದರು.

ರುಯಿಲಾನ್ ಗಂಜಿಯ ಬಟ್ಟಲು ತೆಗೆದುಕೊಂಡಳು. ಜಿಂಗ್‌ಶು ಮುಚ್ಚಿಡದೆ ಹೇಳಿದ್ದಕ್ಕೆ ಅವಳಿಗೆ ಆಗಿದ್ದ ಸಂತೋಷ ಅಷ್ಟಿಷ್ಟಲ್ಲ. ಜಿಂಗ್‌ಶು ಎರಡು ಚಮಚ ಗಂಜಿ ಕುಡಿದಳು.

“ಅಕ್ಕಾ,” ಎಂದಳು ಕೊನೆಗೆ, “ನಿನ್ನ ಜಾಗದಲ್ಲಿ ನಾನಿದ್ದಿದ್ರೆ, ಬೇಜಾರು ಮಾಡ್ಕೋತೀಯ ಅಂತ ಹೆದರ್ಕೊಂಡು ಮಡಕೆ ಕೊಟ್ಟು ಕಳಿಸಿಬಿಡ್ತಿದ್ದೆ.”