ಕೊನೆಯ ಸ್ಪ್ಯಾನರ್ ಸಿಗುವವರೆಗೆ

ಇಂಜಿನ್ ಕಳಚಿ ಮತ್ತೆ ಕೂರಿಸುವ ಪರೀಕ್ಷೆ ಐವತ್ತೆರಡೇ ನಿಮಿಷಕ್ಕೆ ಮುಗಿಯಿತೆಂದು ವಿಮಾನ ಕಂಪನಿಯವರು ಚಪ್ಪಾಳೆ ತಟ್ಟಿದರು. ಲೆಕ್ಕದಕ್ಕ ಮಾತ್ರ ಸ್ಟಾಪ್‌ವಾಚ್ ನಿಲ್ಲಿಸಲಿಲ್ಲ.

ವಾಯುಪಡೆಗೆ ಯಾವ ಯುದ್ಧವಿಮಾನ ಕೊಳ್ಳಬೇಕೆಂದು ತೂಗಿ ನೋಡುವ ಸಮಿತಿಯಲ್ಲಿ ದುರಸ್ತಿಯ ಅಂಕ ಹಾಕುವ ಇಂಜಿನಿಯರ್ ಆಕೆ. ಕೊನೆಯ ಉಪಕರಣ ಪೆಟ್ಟಿಗೆಯಲ್ಲಿ ತನ್ನ ಜಾಗಕ್ಕೆ ಮರಳುವವರೆಗೆ ಕೆಲಸ ಮುಗಿದಂತಲ್ಲ ಎಂದು ಇಪ್ಪತ್ತು ವರ್ಷ ಹಟ ಹಿಡಿದಿದ್ದಕ್ಕೆ ವಿಮಾನ ನಿಲ್ಲಿಸುವ ಹ್ಯಾಂಗರಿನವರು ಇಟ್ಟ ಹೆಸರು ಅದು. ಬೆನ್ನ ಹಿಂದೆ ಇಟ್ಟಿದ್ದು. ಈಗ ಎದುರಿಗೇ ಕರೆಯುತ್ತಿದ್ದರು.

ಕಣದಲ್ಲಿ ಉಳಿದಿದ್ದು ಎರಡೇ ವಿಮಾನ. ದಪ್ಪ ಹೊಟ್ಟೆಯದು ಹೋದ ವಾರ ಇದೇ ಪರೀಕ್ಷೆಗೆ ಒಂದೂವರೆ ಗಂಟೆ ತೆಗೆದುಕೊಂಡಿತ್ತು, ಉಪಕರಣದ ಎಣಿಕೆಯೂ ಸೇರಿ. ಈ ತೆಳ್ಳಗಿನದು ವೇಗದಲ್ಲಿ, ತಿರುವಿನಲ್ಲಿ ಅದನ್ನು ಮೀರಿಸಿತ್ತು. ಅದನ್ನು ಹಾರಿಸಿ ನೋಡಿದ ಪೈಲಟ್ ಆಕೆಯ ಸ್ವಂತ ತಮ್ಮ. ಮನಸೋತು ಹತ್ತಕ್ಕೆ ಹತ್ತು ಕೊಟ್ಟುಬಿಟ್ಟಿದ್ದ. ಈಗಲೂ ಮಂತ್ರಿಗಳೆದುರು ಹಾರಿಸಿ ತೋರಿಸಲು ಒಳಗೆ ಪಟ್ಟಿ ಬಿಗಿದು ಕೂತಿದ್ದ.

ಲೆಕ್ಕದಕ್ಕ ಕಂಪನಿಯವರ ಪೆಟ್ಟಿಗೆ ತೆರೆದಳು. ಒಂದು ಗುಳಿ ಖಾಲಿ.

"ಹತ್ತನೇ ನಂಬರ್ ಸ್ಪ್ಯಾನರ್ ಎಲ್ಲಿ?"

"ಯಾರ ಜೇಬಲ್ಲೋ ಇರುತ್ತೆ ಬಿಡಿ ಮೇಡಂ," ಎಂದು ಕಂಪನಿಯ ಪ್ರತಿನಿಧಿ ಹಲ್ಲುಕಿರಿದ.

ಕಂಪನಿಯ ಕೆಲಸಗಾರರ ಜೇಬುಗಳನ್ನೆಲ್ಲ ತಿರುವಿಸಿದಳು. ಇರಲಿಲ್ಲ. ಸಮಿತಿಯ ಅಧ್ಯಕ್ಷರು ಬೆವರೊರೆಸಿಕೊಂಡರು. "ಮಂತ್ರಿಗಳು ಬಂದು ಕೂತಿದಾರಮ್ಮ. ಒಂದು ಸುತ್ತು ಹಾರಿ ಬರ್ಲಿ, ಆಮೇಲೆ ಹುಡುಕೋಣ."

ಹಾರಿ ಬರಲಿ ಅನ್ನುವುದು ಸುಲಭ. ಬಾರದಿದ್ದರೆ? ಅದು ವಿಮಾನದೊಳಗೇ ಎಲ್ಲೋ ಬಿದ್ದಿದ್ದರೆ? ಸ್ಪ್ಯಾನರ್ ಆಮೇಲೆ ಯಾರದೋ ಚೀಲದಲ್ಲಿ ಸಿಕ್ಕರೆ ತನ್ನ ನೌಕರಿ ಹೋದಂತೆಯೇ ಎಂಬುದೂ ಗೊತ್ತಿತ್ತು. ಆದರೂ ಮುಂದಿನ ಚಕ್ರ ಉರುಳದಂತೆ ಕೊಟ್ಟಿದ್ದ ಅಡ್ಡದಿಮ್ಮಿಯ ಮೇಲೆ ಹೋಗಿ ಕೂತುಬಿಟ್ಟಳು.

"ಅಕ್ಕಾ, ಎಲ್ಲರೆದುರು ನನ್ನ ಮಾನ ಕಳೀಬೇಡ! ಏಳು ಮೇಲೆ!" ತಮ್ಮ ಮೇಲಿನಿಂದ ಕೂಗಿದ.

"ಮಾನ ಆಮೇಲೆ ನೋಡ್ಕೊಳೋಣ ಕಣೋ. ಇಳಿ ಕೆಳಗೆ."

"ಇಳಿಯಲ್ಲ."

"ಹಾಗಾದ್ರೆ ನಾನೂ ಏಳಲ್ಲ."

ಚಿಕ್ಕಂದಿನಿಂದ ಈ ಹಟದೆದುರು ಅವನು ಗೆದ್ದ ದಾಖಲೆಯೇ ಇರಲಿಲ್ಲ. ಗೊಣಗುತ್ತಾ ಇಳಿದ. ಮಂತ್ರಿಗಳು ಅರ್ಧ ಗಂಟೆ ಕಾದು, ಮುಖ ಗಂಟಿಕ್ಕಿಕೊಂಡು ಹೊರಟುಹೋದರು.

ಇಂಜಿನ್ ಮತ್ತೆ ಹೊರಬಂತು. ಮೂರು ಗಂಟೆ ತಡಕಾಡಿದ ಮೇಲೆ, ವಿಮಾನದ ಹೊಟ್ಟೆಯ ಹಿಂಬದಿಯ ಸಂದಿಯೊಂದರಲ್ಲಿ ಬ್ಯಾಟರಿ ಬೆಳಕಿಗೆ ಏನೋ ಮಿಂಚಿತು. ಬಾಲದ ರೆಕ್ಕೆಯನ್ನು ಅಲುಗಿಸುವ ಸರಳಿನ ಪಕ್ಕದಲ್ಲೇ ಸ್ಪ್ಯಾನರ್ ಒರಗಿಕೊಂಡಿತ್ತು.

"ಇರಕ್ಕಾ, ತೆಗೀಬೇಡ," ಎಂದ ತಮ್ಮ. ಭುಜದವರೆಗೆ ಕೈ ತೂರಿಸಿ ಸರಳನ್ನು ತಳ್ಳಿದ. ಅದು ಅರ್ಧದಾರಿಗೆ ಬಂದು ಸ್ಪ್ಯಾನರಿಗೆ ಬಡಿದು ಟಣ್ ಎಂದು ನಿಂತಿತು. ಮತ್ತೆ ತಳ್ಳಿದ. ಟಣ್. "ಗಾಳೀಲಿ ಹೀಗೆ ಸಿಕ್ಕಿದ್ರೆ ಮೂತಿ ಎತ್ತೋಕೇ ಆಗ್ತಿರಲಿಲ್ಲ," ಎಂದ.

"ಇದು ಕೆಲಸಗಾರರ ತಪ್ಪಮ್ಮ, ವಿಮಾನದ್ದಲ್ಲ," ಅಧ್ಯಕ್ಷರು ಮೆಲ್ಲಗೆ ಹೇಳಿದರು. "ಐವತ್ತೆರಡು ಅಂತಲೇ ಬರ್ಕೋಬಹುದು."

"ಕೈ ಜಾರದ ಕೆಲಸಗಾರ ಎಲ್ಲಿದಾನೆ ಸಾರ್? ಆ ದಪ್ಪನೇದ್ರಲ್ಲಿ ಈ ಸಂದಿಗೆ ತಗಡು ಮುಚ್ಚಿದಾರೆ, ಬಿದ್ದದ್ದು ನೆಲಕ್ಕೇ ಬೀಳುತ್ತೆ. ಇದು ನುಂಗಿ ಸುಮ್ನಿರುತ್ತೆ. ನಾಳೆ ನಮ್ಮ ಹುಡುಗರ ಕೈಯೂ ಜಾರುತ್ತೆ. ನಾನು ಐವತ್ತೆರಡು ಬರೆಯಲ್ಲ."

ಅಧ್ಯಕ್ಷರು ಬೆಂಬಲಕ್ಕೆಂದು ಪೈಲಟ್ ಕಡೆ ತಿರುಗಿದರು. ಅವನು ಸಂದಿಯಿಂದ ಸ್ಪ್ಯಾನರ್ ಎಳೆದು ತೆಗೆಯುತ್ತಿದ್ದ. ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. ಪೆಟ್ಟಿಗೆಯ ಬಳಿ ಹೋಗಿ, ಖಾಲಿ ಗುಳಿಯಲ್ಲಿ ಅದನ್ನು ಒತ್ತಿ ಕೂರಿಸಿದ.

"ಈಗ ನಿಲ್ಸಕ್ಕಾ ಗಡಿಯಾರಾನ," ಎಂದ.