ನೀರು ಬರಬೇಕು

ಗುರುವಾರ ಹನ್ನೊಂದರ ಹೊತ್ತಿಗೆ ನಟರಾಜುವಿನ ಬೈಕು ಕಂಪಲಾಪುರಕ್ಕೆ ಬರುತ್ತಿತ್ತು. ಅವನು ಹಳ್ಳಿಗಳಲ್ಲಿ ನೀರಿನ ಕೆಲಸ ಮಾಡುವ ಒಂದು ಸಂಸ್ಥೆಯ ಮೈಸೂರು ಕಚೇರಿಯ ಎಂಜಿನಿಯರ್. ಹಳ್ಳಗಳಿಗೆ ಕಟ್ಟುತ್ತಿದ್ದ ಚೆಕ್ ಡ್ಯಾಮ್‌ಗಳ ಕೆಲಸ ನೋಡಿ, ಸಂಸ್ಥೆಗಾಗಿ ಊರಿನಲ್ಲಿ ಕೆಲಸದ ಲೆಕ್ಕ ಇಡುತ್ತಿದ್ದ ಸಂಘಮಿತ್ರಳ ನೋಟ್‌ಬುಕ್ಕಿನಿಂದ ವಿವರ ಬರೆದುಕೊಂಡು, ಅವಳ ಜೊತೆ ಒಂದು ಟೀ ಕುಡಿದು ಹೋಗುತ್ತಿದ್ದ. ಆ ಟೀಗಾಗಿ ಅವಳು ಉಳಿದ ಆರು ದಿನ ಸವೆಸುತ್ತಿದ್ದಳು. ಅವನಿಗೆ ಅದು ಗೊತ್ತಿರಲಿಲ್ಲ. ಹೇಳುವ ಧೈರ್ಯ ಅವಳಿಗೂ ಇರಲಿಲ್ಲ.

೨೦೦೮ರ ಬೇಸಿಗೆಯಲ್ಲಿ ಸಂಸ್ಥೆಯಿಂದ ಪತ್ರ ಬಂತು. ಎಂಜಿನಿಯರುಗಳೂ ಹಳ್ಳಿಯವರೂ ಕೆಲಸವನ್ನು ಒಂದೇ ಕಡೆ ನೋಡುವಂತೆ ಇಂಟರ್ನೆಟ್ಟಿನಲ್ಲಿ ಏನಾದರೊಂದನ್ನು ಆರಿಸಬೇಕಂತೆ. ಇಮೇಲ್ ಗುಂಪು, ಪರದೇಶದ ಒಂದು ವೆಬ್‌ಸೈಟು, ಎಲ್ಲರೂ ತೆರೆದು ತಿದ್ದಬಹುದಾದ ಒಂದು ಹಾಳೆ. ಮೂರನ್ನೂ ಬಳಸಿ ನೋಡಿ ಯಾವುದು ಆಗುತ್ತದೆಂದು ಹೇಳುವ ಕೆಲಸ ಸಂಘಮಿತ್ರಳ ತಲೆಗೆ ಬಿತ್ತು. ಕಂಪ್ಯೂಟರೂ ಗೊತ್ತಿದ್ದು ಮೇಸ್ತ್ರಿಗಳ ಮಾತೂ ಗೊತ್ತಿದ್ದವಳು ಅವಳೊಬ್ಬಳೇ. ಒಂದು ಹೊಂದಿಕೊಂಡರೆ ಗುರುವಾರದ ಭೇಟಿ ನಿಲ್ಲಿಸಿ ನಟರಾಜುವನ್ನು ಎಚ್.ಡಿ. ಕೋಟೆ ಕಡೆ ಕಳಿಸುತ್ತೇವೆ ಎಂದೂ ಬರೆದಿದ್ದರು.

ಇಮೇಲಿನಲ್ಲಿ ಒಂದು ಪ್ರಶ್ನೆಗೆ ಹನ್ನೆರಡು ಉತ್ತರ ಬಂದು ಪ್ರಶ್ನೆಯೇ ಕಳೆದುಹೋಯಿತು. ವೆಬ್‌ಸೈಟು ಪಿರಿಯಾಪಟ್ಟಣದ ಸೈಬರ್ ಸೆಂಟರಿನಲ್ಲಿ ತೆರೆದುಕೊಳ್ಳುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಹಾಳೆ ಮಾತ್ರ ಸಲೀಸಾಗಿ ತೆರೆಯಿತು. ಒಂದು ಕಟ್ಟೆಗೆ ಒಂದು ಸಾಲು. ಎದುರಿಗೆ 'ಆಗಬೇಕು', 'ಆಗುತ್ತಿದೆ', 'ಆಯಿತು' ಈ ಮೂರರಲ್ಲೊಂದು. ಆ ಹೊತ್ತಿಗೆ ಹಾಳೆ ತೆರೆದಿದ್ದವರ ಹೆಸರು ಮೂಲೆಯಲ್ಲಿ ಕಾಣುತ್ತಿತ್ತು.

ಮೇಸ್ತ್ರಿಗಳು ಹೇಳಿದ್ದನ್ನೇ ಅವಳು ತುಂಬಿದಳು. ಪರೀಕ್ಷೆಗೆಂದು ಅಷ್ಟು ದಿನ ಗುರುವಾರದ ಭೇಟಿ ನಿಲ್ಲಿಸಿದ್ದರು. ಎರಡು ವಾರವಾದರೂ ಒಂಬತ್ತು ಕಟ್ಟೆಗಳಲ್ಲಿ ಒಂದೂ 'ಆಯಿತು' ಆಗಲಿಲ್ಲ. ಮೈಸೂರಿನವರಿಗೆ ಗಾಬರಿಯಾಗಿ ನಟರಾಜು ಮಂಗಳವಾರವೇ ಓಡಿಬಂದ. ನೋಡಿದರೆ ಆರು ಕಟ್ಟೆಗಳ ಗಾರೆ ಒಣಗಿ ಬೆಳ್ಳಗಾಗಿತ್ತು. ಮತ್ತೆ ಆಯ್ತು ಅಂತ ಯಾಕೆ ಹೇಳಲಿಲ್ಲ ಎಂದು ಮೇಸ್ತ್ರಿ ಚಾಮಯ್ಯನನ್ನು ಕೇಳಿದ.

"ನೀರು ನಿಂತು ಬಾಗಿನ ಬುಟ್ಮೇಲೆ ಅಲ್ವಾ ಸಾ, ಕಟ್ಟೆ ಆಯ್ತು ಅನ್ನದು?" ಎಂದ ಚಾಮಯ್ಯ. "ಮದ್ವೆ ಆದೇಟ್ಗೇ ಬಾಣಂತಿ ಅಂದಾರಾ?"

ನಟರಾಜು ನಕ್ಕುಬಿಟ್ಟ. ಹಾಳೆ ನಮ್ಮವರಿಗೆ ಒಗ್ಗುವುದಿಲ್ಲ ಎಂದು ಬರೆದುಬಿಡಿ ಎಂದು ಸಂಘಮಿತ್ರಳಿಗೆ ಹೇಳಿದ. ಟೀ ಕುಡಿದು, ಗುರುವಾರ ಸಿಗೋಣ ಎಂದು ಬೈಕು ಹತ್ತಿದ.

ಅದಕ್ಕೆ ಏನು ಮಾಡಬೇಕೆಂದು ಅವಳಿಗೆ ಚಾಮಯ್ಯ ಮಾತಾಡುವಾಗಲೇ ಹೊಳೆದಿತ್ತು. ಹೊಳೆಯದಿದ್ದರೆ ಚೆನ್ನಾಗಿತ್ತು. ಆ ಗುರುವಾರ ಅವನು ಬಂದಾಗಲೂ ಅವಳು ಅದರ ಬಗ್ಗೆ ಬಾಯಿ ಬಿಡಲಿಲ್ಲ.

ಮರುದಿನ, ಎಚ್.ಡಿ. ಕೋಟೆ ಕಡೆ ಸಂಸ್ಥೆಯ ಕೆಲಸ ನೋಡಿಕೊಳ್ಳುತ್ತಿದ್ದ ಯಶೋದಮ್ಮ ಫೋನು ಮಾಡಿದಳು. ಅವರ ಕಟ್ಟೆಯೊಂದು ಬಿರುಕು ಬಿಟ್ಟು ತಿಂಗಳಾಗಿತ್ತು. ನೋಡುವವರಿರಲಿಲ್ಲ.

"ನಿಮಗಾದ್ರೆ ವಾರ ವಾರ ಬತ್ತಾರೆ ಕಣವ್ವ," ಎಂದಳು. "ನಮ್ಮ ಕಡೀಕೆ ತಲೆ ಆಕಾರಿಲ್ಲ."

ಸಂಘಮಿತ್ರ ಮಧ್ಯಾಹ್ನದ ಬಸ್ಸಿಗೆ ಸೈಬರಿಗೆ ಹೋದಳು. 'ಆಗುತ್ತಿದೆ', 'ಆಯಿತು' ಇವೆರಡರ ನಡುವೆ ಇನ್ನೊಂದು ಸೇರಿಸಿದಳು: 'ನೀರು ಬರಬೇಕು'. ಗಾರೆ ಒಣಗಿದ ಆರು ಕಟ್ಟೆಗಳನ್ನೂ ಅದಕ್ಕೆ ಹಾಕಿದಳು. ಹಾಳೆಯೇ ಸರಿ, ಎಲ್ಲರಿಗೂ ಅರ್ಥವಾಗುತ್ತದೆ ಎಂದು ಬರೆದು ಕಳಿಸಿದಳು. ಮುಂದಿನ ಗುರುವಾರ ಹನ್ನೊಂದು ಗಂಟೆಗೆ ಅಭ್ಯಾಸಬಲದಿಂದ ಎರಡು ಟೀ ಹೇಳಿ, ಎರಡನ್ನೂ ತಾನೇ ಕುಡಿದಳು.

ಜೂನ್ ಕೊನೆಗೆ ಮೊದಲ ಕಟ್ಟೆ ತುಂಬಿತು. ಚಾಮಯ್ಯನ ಮನೆಯವಳು ಬಾಗಿನ ಬಿಟ್ಟಳು. ಮೂರು ದಿನವಾದರೂ ಸಂಘಮಿತ್ರ ಹಾಳೆ ತಿದ್ದಿರಲಿಲ್ಲ. ಅನುಮಾನ ಬಂದರೆ ಅವನು ನೋಡಲು ಬರಬಹುದು ಎಂದು ಕಾದಳು. ಅವನು ಬರಲಿಲ್ಲ. 'ನೀರು ಬರಬೇಕು' ಎಂದು ಹಾಳೆ ಹೇಳಿದರೆ ಕಾಯುವಷ್ಟು ಅದನ್ನು ನಂಬಿದ್ದ.

ನಾಲ್ಕನೇ ದಿನ ಸೈಬರಿನಲ್ಲಿ ಹಾಳೆ ತೆರೆದಾಗ ಮೂಲೆಯಲ್ಲಿ ಅವನ ಹೆಸರಿತ್ತು. ಅವಳು ಮೊದಲ ಸಾಲನ್ನು 'ಆಯಿತು' ಮಾಡಿದಳು. ಪಕ್ಕದ ಚೌಕದಲ್ಲಿ ಒಂದು 'ಗುಡ್' ಮೂಡಿತು. ಆಮೇಲೆ ಹೆಸರು ಹೋಯಿತು.

ಕೆಳಗಿನ ಐದು ಸಾಲುಗಳಲ್ಲಿ 'ನೀರು ಬರಬೇಕು' ಎಂದಿತ್ತು. ಅವನ್ನು ಅವಳು ಮುಟ್ಟಲಿಲ್ಲ. ಆ ಕಟ್ಟೆಗಳಿಗೆ ಇನ್ನೂ ಬಂದಿರಲಿಲ್ಲ.