ಎರಾಸ್ಮೊಗೆ ಸಿಕ್ಕ ಒಂದು ಅಂಕ

ನಮ್ಮ ಮೊಸ್ಕಿಟಿಯಾ ತೀರದಲ್ಲಿ ಕೇರಿಗೊಬ್ಬರಾದರೂ ಇದ್ದಾರೆ: ಲಾಬ್‌ಸ್ಟರ್ ಹಿಡಿಯಲು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಿಗಿಳಿದವರು, ಮೇಲೆ ಬಂದಾಗ ಸೊಂಟದ ಕೆಳಗೆ ತಮ್ಮ ಮೈ ತಮಗೇ ಗೊತ್ತಾಗದವರು. ನೀರಿನೊಡತಿ ಲಿವಾ ಅವರ ಕಾಲು ಕಿತ್ತಿಟ್ಟುಕೊಂಡಳು ಎನ್ನುತ್ತಿದ್ದಳು ನನ್ನಜ್ಜಿ. ಆಳದಿಂದ ಸರ್ರನೆ ಮೇಲೆ ಬಂದರೆ ರಕ್ತದಲ್ಲಿ ಗುಳ್ಳೆಗಳೆದ್ದು ಬೆನ್ನುಹುರಿ ಕೆಡುತ್ತದೆ ಎಂದು ನಾನು ಆಮೇಲೆ ಓದಿ ತಿಳಿದೆ. ಈಗ ಆಸ್ಪತ್ರೆಯಲ್ಲಿ ಇಂಥವರಿಗೆ ಫಿಸಿಯೋಥೆರಪಿ ಮಾಡಿಸುತ್ತೇನೆ. ಆದರೂ ಒಬ್ಬರ ಕಾಲು ಮುಂದಿಟ್ಟುಕೊಂಡು ಕೂತಾಗಲೆಲ್ಲ ಲಿವಾ ನೆನಪಾಗುತ್ತಾಳೆ.

ಅಂಥವರಲ್ಲೊಬ್ಬನಾದ ಎರಾಸ್ಮೊ ಬಂದಾಗ ಅವನ ತಾಯಿ ಡೊರಿಂಡಾ ಜೊತೆಗಿದ್ದರು, ಕೈಯಲ್ಲಿ ಬಾಳೆಹಣ್ಣಿನ ಗಂಜಿ ವಾಬುಲ್ ತುಂಬಿದ ಪಾತ್ರೆ. ಬೆನ್ನುಹುರಿಯಲ್ಲಿ ಏನು ಉಳಿದಿದೆಯೆಂದು ನಾನು ಅಳೆದು ಅಂಕ ಬರೆಯಬೇಕಿತ್ತು. ಅವನಿಗೆ ಕಣ್ಣು ಮುಚ್ಚಲು ಹೇಳಿ, ಎದೆಯಿಂದ ಪಾದದವರೆಗೆ ಪಿನ್ನು ಮುಟ್ಟಿಸುತ್ತ ಬಂದೆ.

“ಚುಚ್ತಾ?”

“ಹೂಂ.”

“ಇಲ್ಲಿ?”

“ಹೂಂ ತಂಗಿ, ಚೆನ್ನಾಗೇ ಗೊತ್ತಾಗ್ತಿದೆ.”

ಪಿನ್ನನ್ನು ಗಾಳಿಯಲ್ಲೇ ಹಿಡಿದು ಕೇಳಿದೆ, “ಈಗ?”

“ಚುಚ್ತು, ಚುಚ್ತು.”

“ಅಣ್ಣ, ನಾನು ಮುಟ್ಟೇ ಇಲ್ಲ!”

ಎರಾಸ್ಮೊ ಪೆಚ್ಚಾಗಿ ನಕ್ಕ. “ದೋಣೀಲಿ ಅಭ್ಯಾಸ ಆಗ್ಬಿಟ್ಟಿದೆ. ಕೈಕಾಲು ಜುಮ್ ಅಂದ್ರೂ ಕ್ಯಾಪ್ಟನ್ ಹತ್ರ ‘ಚೆನ್ನಾಗಿದೀನಿ’ ಅನ್ಬೇಕು. ಇಲ್ಲಾಂದ್ರೆ ಮುಂದಿನ ಸಲ ಕರೆಯಲ್ಲ.”

ಡೊರಿಂಡಾ ಸಿಡುಕಿದರು. “ಅವನು ಹೂಂ ಅಂದ್ರೆ ಹೂಂ ಅಂತ ಬರ್ಕೊಳೇ. ಸೊನ್ನೆ ಬರೆದ್ರೆ ಲಿವಾಗೆ ಕಾಲು ಬರೆದುಕೊಟ್ಟ ಹಾಗೇ. ನಿನ್ನ ಅಂಕಿಯಿಂದ ಇವನು ಎದ್ದು ನಡೀತಾನಾ?”

“ನಂಗೊತ್ತಿಲ್ಲ ದೊಡ್ಡಮ್ಮ. ಅದಕ್ಕೇ ಅಳೀತಿರೋದು. ಅಣ್ಣ, ಆವತ್ತು ಎಷ್ಟು ಆಳಕ್ಕೆ ಇಳಿದಿದ್ದೆ?”

“ಯಾರಿಗ್ಗೊತ್ತು? ಆಳ ತೋರಿಸೋ ಮೀಟರ್ ಯಾರ ಹತ್ರಾನೂ ಇರ್ಲಿಲ್ಲ.”

“ಎಷ್ಟು ಹೊತ್ತು ಕೆಳಗಿದ್ದೆ?”

“ಗಾಳಿ ಮುಗಿಯೋವರೆಗೂ.”

“ನೋಡು, ಇಳಿಯೋವಾಗ ಅಳೀಲಿಲ್ಲ. ಏಳೋವಾಗಲಾದ್ರೂ ಅಳೆಯೋಣ.”

“ಬಾಯಿ ನೋಡು ಇವಳದು!” ಎಂದು ಡೊರಿಂಡಾ ಕಿಟಕಿಯತ್ತ ತಿರುಗಿ ಕೂತರು.

ಮತ್ತೆ ಶುರುಮಾಡಿದೆ. ಹೊಕ್ಕುಳ ದಾಟಿದ್ದೇ ಎರಾಸ್ಮೊ “ಇಲ್ಲ” ಎಂದ. ತೊಡೆ, ಇಲ್ಲ. ಮೊಣಕಾಲು, ಇಲ್ಲ. ಪಾದ, ಇಲ್ಲ. ಒಂದೊಂದು ಇಲ್ಲಕ್ಕೂ ಆ ತಾಯಿಯ ಬೆನ್ನು ಕುಗ್ಗುತ್ತಿತ್ತು. ಕಟ್ಟಕಡೆಗೆ ಮಲದ್ವಾರದ ಪಕ್ಕ ಮುಟ್ಟಿದೆ.

“ಚುಚ್ತು! ತಂಗಿ, ಈ ಸಲ ನಿಜವಾಗ್ಲೂ!”

ಮುಟ್ಟಿಯೂ ಮುಟ್ಟದೆಯೂ ಹತ್ತು ಸಲ ಕೇಳಿದೆ. ಹತ್ತಕ್ಕೆ ಹತ್ತು ಸರಿ ಹೇಳಿದ. ಬೆನ್ನುಹುರಿಯ ತುತ್ತತುದಿಯ ಸುದ್ದಿ ಅಷ್ಟು ದೊಡ್ಡ ಗಾಯವನ್ನು ದಾಟಿ ತಲೆಯವರೆಗೆ ಬಂದಿತ್ತು. ದಾರಿ ಪೂರ್ತಿ ಮುಚ್ಚಿರಲಿಲ್ಲ. ಮೊದಲಿನ ಹುಸಿ ಹೂಂಗಳನ್ನೇ ಬರೆದುಕೊಂಡಿದ್ದರೆ ಅವುಗಳ ನಡುವೆ ಈ ಹೂಂ ಮುಳುಗಿಯೇ ಹೋಗುತ್ತಿತ್ತು.

ಅಂದಿನಿಂದ ವಾರವಾರವೂ ಅಳೆದೆವು. ಕಾಲಿನ ಬಲ ಮಾತ್ರವಲ್ಲ. ತಾನೇ ತಿನ್ನುವುದು, ಮಗ್ಗುಲಾಗುವುದು, ಮೈ ತೊಳೆದುಕೊಳ್ಳುವುದು, ಅದಕ್ಕೆಲ್ಲ ಬೇರೆ ಹಾಳೆ. ಡೊರಿಂಡಾ ವಾಬುಲ್ ಕುಡಿಸಲು ಹೋದಾಗ ನಾನೆಂದೆ, “ನೀವು ಕುಡಿಸಿದ್ರೆ ಅಂಕ ನಿಮಗೆ ಬರುತ್ತೆ ದೊಡ್ಡಮ್ಮ, ಅವನಿಗಲ್ಲ.” ಅವರು ಪಾತ್ರೆಯನ್ನು ಮಗನ ಕೈಗೆ ಕುಕ್ಕಿದರು.

ಐದನೆಯ ವಾರ ಅವನ ಬಲತೊಡೆಯ ಮೇಲೆ ಬೆರಳಿಟ್ಟು, “ಮಂಡಿ ನೇರ ಮಾಡು” ಎಂದೆ. ಕಾಲು ಕದಲಲಿಲ್ಲ. ಕಣ್ಣಿಗೆ ಏನೂ ಕಾಣಲಿಲ್ಲ. ಬೆರಳಿನಡಿ ಮಾತ್ರ, ನಿಂತ ನೀರಿನೊಳಗೆ ಮೀನೊಂದು ಹೊರಳಿದ ಹಾಗೆ, ಏನೋ ಮಿಸುಕಿತು. ಡೊರಿಂಡಾರ ಬೆರಳನ್ನು ಅಲ್ಲಿಡಿಸಿದೆ.

“ಮಾಡಣ್ಣ.” ಮಿಸುಕಿತು. “ಬಿಡು.” ನಿಂತಿತು. “ಮಾಡು.”

“ಅಯ್ಯೋ, ಇದು ಇವನೇ ಮಾಡ್ತಿರೋದಾ?” ಎಂದು ಅವರು ಪಿಸುಗುಟ್ಟಿದರು. ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ, “ಬರ್ಕೊಳೇ. ಎಷ್ಟು ಬರೀತೀಯ?”

“ಒಂದು. ಐದಕ್ಕೆ ಒಂದು.”

“ಒಂದೇನಾ! ಇಷ್ಟು ದೊಡ್ಡದಕ್ಕೆ?”

ಎರಾಸ್ಮೊ ನಡೆಯುತ್ತಾನೋ ಇಲ್ಲವೋ ಇನ್ನೂ ಗೊತ್ತಿಲ್ಲ. ಹಾಸಿಗೆಯಿಂದ ಗಾಲಿಕುರ್ಚಿಗೆ ಈಗ ಯಾರ ನೆರವೂ ಇಲ್ಲದೆ ಜರುಗಿಕೊಳ್ಳುತ್ತಾನೆ. ಅಳೆಯುವ ದಿನ ಬೆಳಗಾದರೆ ಡೊರಿಂಡಾ ಎಲ್ಲರಿಗಿಂತ ಮೊದಲು ಬಾಗಿಲಲ್ಲಿರುತ್ತಾರೆ.

ನಿಮ್ಮ ಮನೆಯಲ್ಲೂ ಬೆನ್ನುಹುರಿಗೆ ಪೆಟ್ಟಾದವರಿದ್ದರೆ, ಏನೂ ಬದಲಾಗಿಲ್ಲ ಅನ್ನಿಸಿದರೂ ಅಳೆಯುವ ದಿನ ತಪ್ಪಿಸಬೇಡಿ. ಅವರು ಮಾಡಬಲ್ಲದ್ದನ್ನು ಅವರಿಂದಲೇ ಮಾಡಿಸಿ. ಇನ್ನೂ ಕಡಲಿಗಿಳಿಯುವವರೇ, ಕೈಕಾಲು ಜುಮ್ಮೆಂದರೆ ಆ ಕ್ಷಣವೇ ಹೇಳಿ, ಆಸ್ಪತ್ರೆಗೆ ಬನ್ನಿ. ಗೊತ್ತಾಗದ ಕಡೆ ಧೈರ್ಯವಾಗಿ ‘ಇಲ್ಲ’ ಎನ್ನಿ. ನಿಮ್ಮ ನಿಜವಾದ ಒಂದು ‘ಹೂಂ’ಗಾಗಿ ನಾವು ಇಲ್ಲಿ ಬೆರಳಿಟ್ಟು ಕಾಯುತ್ತಿದ್ದೇವೆ.